ಸ್ವಲ್ಪ ಕಾಲೆತ್ತಿ

ಭಾನುವಾರ ಹತ್ತೂವರೆಗೆ ನಾನೂ ನಾಣಿಯೂ ಸುಬ್ಬುವಿನ ಮನೆಗೆ ಹೋದಾಗ ಅವನು ವ್ಯಾನು ತೊಳೆಯುತ್ತಿದ್ದ.

ಹಾಲಿನಲ್ಲಿ, ಕುರ್ಚಿ ಮೇಲೆ ಕೂತು. ಕಂಪ್ಯೂಟರಿನ ಪರದೆಯಲ್ಲಿ ಕೆಸರು ಮೆತ್ತಿದ ಒಂದು ವ್ಯಾನು ನಿಂತಿತ್ತು. ಸುಬ್ಬು ಮೌಸ್ ಹಿಡಿದು ಅದಕ್ಕೆ ನೀರು ಹೊಡೆಯುತ್ತಿದ್ದ. ನೀರು ಬಿದ್ದ ಕಡೆ ಪಟ್ಟೆ ಪಟ್ಟೆಯಾಗಿ ಕೊಳೆ ಬಿಡುತ್ತಿತ್ತು. ಒಂದು ಬಾಗಿಲು ಪೂರ್ತಿ ಚೊಕ್ಕವಾಗಿದ್ದೇ ತಡ, ಅದು ಒಮ್ಮೆ ಮಿಂಚಿ 'ಟಿಣ್' ಅಂದಿತು. ಸುಬ್ಬುವಿನ ಮುಖವೂ ಮಿಂಚಿತು.

ಅಷ್ಟರಲ್ಲಿ ಪದ್ದಕ್ಕ ಬಕೆಟ್ಟು, ನೆಲ ಒರೆಸುವ ಬಟ್ಟೆ ಹಿಡಿದು ಬಂದರು. "ರೀ, ಸ್ವಲ್ಪ ಕಾಲೆತ್ತಿ."

ಸುಬ್ಬು ಪರದೆಯಿಂದ ಕಣ್ಣು ತೆಗೆಯದೆ ಎರಡೂ ಕಾಲು ಮೇಲೆತ್ತಿಕೊಂಡ. ಕೆಳಗೆ ಪದ್ದಕ್ಕ ಒರೆಸಿದರು. ಮೇಲೆ ಇವನು ವ್ಯಾನಿನ ಟೈರು ತೊಳೆದ. ನಾಣಿ ಹೊಸ್ತಿಲಲ್ಲೇ ನಿಂತುಬಿಟ್ಟ.

"ಏನೋ ಇದು?"

"ತೊಳೆಯೋ ಗೇಮ್ ಕಣೋ. ಇಂಗ್ಲೆಂಡಿನವರು ಮಾಡಿದ್ದು, 2022ರಲ್ಲಿ ಬಂತು. ಪೈಪು ಹಿಡಿದು ತೊಳೀತಾ ಹೋಗೋದು ಅಷ್ಟೇ. ವ್ಯಾನು, ಮನೆ, ಮಕ್ಕಳ ಪಾರ್ಕು. ಎಷ್ಟು ನೆಮ್ಮದಿ ಗೊತ್ತಾ?"

"ಶತ್ರು ಯಾರು?"

"ಕೊಳೆ."

"ಗೆದ್ದರೆ ಏನು ಸಿಗುತ್ತೆ?"

"ದುಡ್ಡು. ಅದರಲ್ಲಿ ಇನ್ನೂ ಒಳ್ಳೇ ಪೈಪು ತಗೋಬಹುದು."

ನಾಣಿ ಒರೆಸಿದ ನೆಲ ತುಳಿಯದೆ ಗೋಡೆ ಪಕ್ಕದಲ್ಲೇ ನಡೆದು ಬಂದು ಸೋಫಾ ಹಿಡಿದ. "ಹೊರಗೆ ನಿನ್ನ ಸ್ಕೂಟರ್ ನಿಂತಿದೆ. ಅದರ ಬಣ್ಣ ಯಾವುದು ಅಂತ ಹೇಳಿಬಿಡು ಸಾಕು."

"ಕಪ್ಪು."

"ನೀಲಿ ರೀ," ಅಂದರು ಪದ್ದಕ್ಕ, ಬಟ್ಟೆ ಹಿಂಡುತ್ತಾ.

ಸೋಫಾದ ಇನ್ನೊಂದು ತುದಿಯಲ್ಲಿ ಪೇಪರ್ ಓದುತ್ತಿದ್ದ ಮೇಷ್ಟ್ರು ಪೇಪರ್ ಮಡಿಸಿದರು. ಭಾನುವಾರದ ಪೇಪರಿಗಿಂತ ಇದು ವಾಸಿ ಅಂತ ಅವರಿಗೆ ಅನಿಸಿರಬೇಕು. ಮೂಲೆಯಲ್ಲಿ ಪದ್ದಕ್ಕನ ಅಪ್ಪ ರಂಗಣ್ಣನವರು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದರು. ಮಗಳ ಮನೆಗೆ ಬಂದು ನಾಲ್ಕು ದಿನ ಆಗಿತ್ತಂತೆ. ಅವರ ಪಕ್ಕದಲ್ಲಿ ಮೊಮ್ಮಗ ಕಿಟ್ಟು ಮೊಬೈಲಿನೊಳಗೆ ಮುಳುಗಿದ್ದ.

ನಾಣಿಗೆ ವಿಡಿಯೋ ಗೇಮಿನ ಮೇಲೆ ದ್ವೇಷವೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನಾವಿಬ್ಬರೂ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಿ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಆಡಿದವರೇ. ಆಟ ಶುರುವಾಗದಿದ್ದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಅಂತ ಊದಿ, ಮತ್ತೆ ಸಿಕ್ಕಿಸುವುದರಲ್ಲಿ ನಾಣಿಯನ್ನು ಮೀರಿಸುವವರಿರಲಿಲ್ಲ. ಅವನ ತಕರಾರು ಬೇರೆ.

"ಆಗ ಗೇಮ್ ಅಂದರೆ ಹೇಗಿತ್ತು ಹೇಳು," ಅಂದ. "1985ರಲ್ಲಿ ಜಪಾನಿನವರು ಸೂಪರ್ ಮಾರಿಯೋ ಮಾಡಿದರು. ಮಾರಿಯೋ ಯಾರು? ಪ್ಲಂಬರ್. ಒಂದೇ ಒಂದು ನಲ್ಲಿ ರಿಪೇರಿ ಮಾಡಿದನಾ? ಪೈಪಿನೊಳಗೆ ಇಳಿದ, ನಿಜ. ಲೀಕ್ ನೋಡೋಕಲ್ಲ, ಚಿನ್ನದ ನಾಣ್ಯ ಬಾಚಿಕೊಳ್ಳೋಕೆ. ಅಣಬೆ ತಿಂದ. ದೊಡ್ಡವನಾದ. ಆಮೆ ತುಳಿದ. ರಾಜಕುಮಾರಿಯನ್ನ ಹುಡುಕಿಕೊಂಡು ಹೋದ. ಅದು ಆಟ ಕಣೋ! ಆಟದಲ್ಲಿ ಪ್ಲಂಬರ್ ಕೂಡ ಪ್ಲಂಬಿಂಗ್ ಮಾಡಬಾರದು."

"ನಮ್ಮ ಪ್ಲಂಬರೂ ಮಾಡಲ್ಲ," ಅಂದರು ಪದ್ದಕ್ಕ. "ಬಚ್ಚಲ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಹದಿನೈದು ದಿನ. ಫೋನ್ ಮಾಡಿದಾಗಲೆಲ್ಲ 'ದಾರೀಲಿದೀನಿ ಮೇಡಂ' ಅಂತಾನೆ."

"ಪಾಪ, ಯಾವ ಪೈಪಿನೊಳಗೆ ಇಳಿದಿದಾನೋ," ಅಂದರು ಮೇಷ್ಟ್ರು.

ನಾಣಿ ಬಿಡಲಿಲ್ಲ. "ಈಗ ನೋಡು. ತೊಳೆಯೋ ಗೇಮು. ಲಾರಿ ಓಡಿಸೋ ಗೇಮು. ಬೇಸಾಯದ ಗೇಮು. ವಾರವೆಲ್ಲ ಇದೇ ಕುರ್ಚಿಯಲ್ಲಿ ಕೂತು ಆಫೀಸಿನ ಕೆಲಸ ಮಾಡ್ತೀಯ. ಭಾನುವಾರ ಬಿಡುವು ಸಿಕ್ಕಿತಪ್ಪಾ ಅಂದರೆ, ಅದೇ ಕುರ್ಚಿಯಲ್ಲಿ ಕೂತು ಊರವರ ಕೆಲಸ ಮಾಡ್ತೀಯ. ಮೊದಲನೇದಕ್ಕೆ ಅವರು ನಿನಗೆ ದುಡ್ಡು ಕೊಡ್ತಾರೆ. ಎರಡನೇದಕ್ಕೆ ನೀನು ಅವರಿಗೆ ಕೊಡ್ತೀಯ. ಬಿಟ್ಟಿ ಚಾಕರಿ ಅಂತ ಕೇಳಿದ್ದೆ. ದುಡ್ಡು ಕೊಟ್ಟು ಚಾಕರಿ ಮಾಡೋನನ್ನ ಇವತ್ತೇ ನೋಡಿದ್ದು."

"ಸುಮ್ನೆ ಹೇಳ್ಬೇಡ," ಸುಬ್ಬು ಕೊನೆಗೂ ತಿರುಗಿ ಕೂತ. "ಆಕ್ಸ್‌ಫರ್ಡ್ ಯೂನಿವರ್ಸಿಟಿಯವರು ಇದೇ ಗೇಮ್ ಇಟ್ಟುಕೊಂಡು ಸಂಶೋಧನೆ ಮಾಡಿದಾರೆ. ಆಡ್ತಾ ಆಡ್ತಾ ಹೆಚ್ಚಿನವರ ಮನಸ್ಸು ಸ್ವಲ್ಪ ಗೆಲುವಾಯಿತಂತೆ."

"ಅವರ ಮನೆಯಲ್ಲಿ ನೆಲ ಒರೆಸ್ತಿದ್ದವರ ಮನಸ್ಸು ಹೇಗಿತ್ತಂತೆ? ಅದನ್ನ ಯಾರೂ ಕೇಳಲಿಲ್ವಾ?" ಅಂದು ಪದ್ದಕ್ಕ ಕಾಫಿ ಮಾಡಲು ಒಳಗೆ ಹೋದರು.

ಆಕ್ಸ್‌ಫರ್ಡಿನ ಕಥೆ ಅಲ್ಲಿಗೇ ಮುಗಿಯಿತು.

ಊಟದ ಮೇಜಿನ ಅಂಚಿಗೆ ಒಂದು ಸ್ಟಿಯರಿಂಗ್ ಕಚ್ಚಿಕೊಂಡು ಕೂತಿರುವುದನ್ನು ನಾನು ಆಗಲೇ ಗಮನಿಸಿದ್ದೆ. ಅದರ ಕೆಳಗೆ ನೆಲದ ಮೇಲೆ ಮೂರು ಪೆಡಲ್. ಕ್ಲಚ್, ಬ್ರೇಕ್, ಆಕ್ಸಿಲರೇಟರ್. 25 ಸಾವಿರವಂತೆ. ಅದನ್ನು ಒಮ್ಮೆ ಬಿಗಿದರೆ ಮತ್ತೆ ಬಿಚ್ಚುವುದು ರಗಳೆ ಅಂತ ಈ ಮನೆಯವರು ಆರು ತಿಂಗಳಿಂದ ಅಡುಗೆಮನೆಯ ಕಟ್ಟೆ ಪಕ್ಕ ನಿಂತುಕೊಂಡೇ ಉಣ್ಣುತ್ತಿದ್ದಾರೆ.

"ಇದು ಲಾರಿಗೆ," ಅಂದ ಸುಬ್ಬು, ನಾವು ಕೇಳುವ ಮೊದಲೇ. "2012ರಲ್ಲಿ ಝೆಕ್ ದೇಶದವರು ಮಾಡಿದ್ದು. ಇಡೀ ಯುರೋಪಿನ ರಸ್ತೆ ಇದೆ ಕಣೋ ಅದರಲ್ಲಿ. ಲೋಡ್ ಹಾಕಿಕೊಂಡು ಹೊರಡೋದು. ಜಾಸ್ತಿ ಹೊತ್ತು ನಿದ್ದೆ ಮಾಡದೆ ಓಡಿಸಿದರೆ ಡ್ರೈವರ್ ಆಕಳಿಸ್ತಾನೆ. ಕಣ್ಣು ಮುಚ್ಚಿಕೊಂಡು ಹೋಗುತ್ತೆ. ಆಗ ಗಾಡಿ ನಿಲ್ಲಿಸಿ ಮಲಗಬೇಕು. ಸಿಗ್ನಲ್ ಹಾರಿದರೆ ದಂಡ."

"ಕಟ್ತೀಯಾ?"

"ಹ್ಞೂಂ. ಅಲ್ಲೇ ಕಟ್ ಆಗುತ್ತೆ."

"ಯುರೋಪಿನಲ್ಲಿ ಇಷ್ಟು ನಿಯತ್ತು!" ನಾಣಿ ನನ್ನ ಕಡೆ ತಿರುಗಿದ. "ಇಲ್ಲಿ ಇವನ ಗಾಡಿ ಮೇಲೆ ಏಳು ಕೇಸಿದೆ. 2023ರಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತಲ್ಲ, ಆಗಿನಿಂದ ಇವನು ದಂಡ ಕಟ್ಟೋದನ್ನೇ ಬಿಟ್ಟಿದಾನೆ. ಆಷಾಢದ ಸೇಲಿನ ಸೀರೆಗೆ ಕಾದ ಹಾಗೆ ಕಾಯ್ತಾನೆ."

ಕಾಫಿ ಬಂತು. ನಾಣಿಗೆ ಕಾಫಿ ಕೈಗೆ ಬಂದರೆ ಮಾತು ಇನ್ನೂ ಜೋರಾಗುತ್ತದೆ.

"ಆ ಬೇಸಾಯದ ಗೇಮಿನ ವಿಷಯ ಹೇಳು ಇವರಿಗೆ. ಹೇಳು ಹೇಳು."

ಸುಬ್ಬು ಹೇಳಿದ. ಅದು ಸ್ವಿಟ್ಜರ್ಲೆಂಡಿನವರದಂತೆ. 2008ರಲ್ಲಿ ಶುರುವಾಗಿ ಎರಡು ಮೂರು ವರ್ಷಕ್ಕೊಮ್ಮೆ ಹೊಸದು ಬರುತ್ತಲೇ ಇದೆಯಂತೆ. ಟ್ರ್ಯಾಕ್ಟರುಗಳು ನಿಜವಾದ ಕಂಪನಿಯವೇ. ಉಳಬೇಕು, ಬಿತ್ತಬೇಕು, ಕೊಯ್ಯಬೇಕು, ಮಾರಬೇಕು, ಬ್ಯಾಂಕಿನ ಸಾಲ ತೀರಿಸಬೇಕು. 2024ರಲ್ಲಿ ಬಂದದ್ದರಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯಬಹುದು. ಎಮ್ಮೆಯೂ ಇದೆ.

"ಎಮ್ಮೆ ಒದೆಯುತ್ತಾ?" ಅಂದರು ರಂಗಣ್ಣನವರು, ಹುರುಳಿಕಾಯಿಯಿಂದ ತಲೆ ಎತ್ತದೆ.

"ಇಲ್ಲ ಮಾವ."

"ಮತ್ತೆಂಥ ಎಮ್ಮೆ."

"ಮೊನ್ನೆ ರಾತ್ರಿ ಒಂದು ಗಂಟೆಗೆ ಇವನು ನನಗೆ ಫೋಟೋ ಕಳಿಸ್ತಾನೆ," ನಾಣಿಯ ಲೋಟ ಗಾಳಿಯಲ್ಲಿ ಓಡಾಡತೊಡಗಿತು. "ಏನಪ್ಪಾ, ಯಾರಿಗೇನಾಯ್ತು ಅಂತ ಗಾಬರಿಯಾಗಿ ನೋಡಿದರೆ ಹಸಿರು ಗದ್ದೆ! ಕೆಳಗೆ 'ನನ್ನ ಭತ್ತ' ಅಂತ ಬರೆದಿದಾನೆ. ಅಯ್ಯಾ, ನಿನ್ನ ಊರಿನಲ್ಲಿ ಎರಡೆಕರೆ ನಿಜವಾದ ಗದ್ದೆ ಇದೆ. ನಿಮ್ಮಪ್ಪ ಹೋದ ಮೇಲೆ ಒಂದು ಸಲ ನಾಟಿ ಆಗಿದೆಯಾ? ಅಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದು ಪಕ್ಕದ ಮನೆಯವರ ದನ ಮೇಯ್ತಾ ಇವೆ. ನೀನಿಲ್ಲಿ ಸ್ವಿಟ್ಜರ್ಲೆಂಡಿನವನ ಎಮ್ಮೆಗೆ ಹುಲ್ಲು ಹಾಕ್ತಿದೀಯ!"

'ಹಾಕ್ತಿದೀಯ' ಅನ್ನುವಾಗ ಕೈ ಬೀಸಿದ ರಭಸಕ್ಕೆ ಲೋಟ ಜಾರಿ ಸ್ಟಿಯರಿಂಗ್ ಕೆಳಗೆ ಉರುಳಿತು. ಕಾಫಿ ಚೆಲ್ಲಿ ಪೆಡಲಿನ ತನಕ ಹರಿಯಿತು. ನಾವೆಲ್ಲ ಒಂದು ಕ್ಷಣ ಅದನ್ನು ನೋಡಿದೆವು. ಆಮೇಲೆ ಮಾತು ಮುಂದುವರಿಸಿದೆವು.

ಸುಬ್ಬು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಗದ್ದೆಗೆ ಹೋದರೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ಕಣೋ. ಆಳು ಸಿಗಲ್ಲ. ಮಳೆ ಯಾವಾಗ ಬರುತ್ತೆ ಗೊತ್ತಿಲ್ಲ. ಬಂದರೆ ನಿಲ್ಲಲ್ಲ. ಅಪ್ಪನ ಜೊತೆ ಹೋದಾಗ ಬದುವಿನ ಮೇಲೆ ಕೂತು ಹೋಂವರ್ಕ್ ಮಾಡ್ತಿದ್ದೆ. 'ಕಾಲು ಕೆಸರು ಮಾಡ್ಕೋಬೇಡ, ನೀನು ಓದು' ಅಂತಿದ್ರು. ಇದರಲ್ಲಾದರೆ ಯಾವ ಬಟನ್ ಒತ್ತಿದರೆ ಏನಾಗುತ್ತೆ ಅಂತ ಬರೆದಿರುತ್ತೆ."

ನಾಣಿಗೆ ಇದಕ್ಕೆ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದಾಗ ಅವನು ಇನ್ನೊಬ್ಬರ ಮೇಲೆ ತಿರುಗುತ್ತಾನೆ. "ಕಿಟ್ಟು, ನೀನು ಯಾವ ಕೆಲಸಕ್ಕೆ ಸೇರಿದೀಯಪ್ಪಾ?"

"ಬಸ್ಸು ಅಂಕಲ್."

ನೋಡಿದರೆ ಪರದೆ ತುಂಬ ನಮ್ಮ ಕೆಂಪು ಬಸ್ಸು! ಹಣೆಯ ಮೇಲೆ ಕನ್ನಡದ ಬೋರ್ಡು. ಆದರೆ ರಸ್ತೆ ಇಂಡೋನೇಷ್ಯಾದ್ದು. ಗೇಮ್ ಅಲ್ಲಿನವರದೇ, 2017ರದು. ಬಸ್ಸಿನ ಹುಚ್ಚಿರುವ ಹುಡುಗರು ನಮ್ಮ ಬಸ್ಸುಗಳ ಬಣ್ಣ ಬಳಿದು ಅದಕ್ಕೆ ಏರಿಸುತ್ತಾರೆ. ಕಿಟ್ಟು ಹಾರನ್ ಒತ್ತಿದ. ಹಾರನ್ ಅಲ್ಲ, ಅರ್ಧ ನಾಗಸ್ವರ.

"ಇದರ ಹೆಸರು ತೆಲೋಲೆಟ್," ಅಂದ ಕಿಟ್ಟು. "ಅಲ್ಲಿನ ಹುಡುಗರು ರಸ್ತೆ ಪಕ್ಕ ನಿಂತು ಬಸ್ಸು ಬಂದ ಕೂಡಲೇ 'ಓಂ ತೆಲೋಲೆಟ್ ಓಂ' ಅಂತ ಕೂಗ್ತಾರೆ. 2016ರಲ್ಲಿ ಅದು ಪ್ರಪಂಚದಲ್ಲೆಲ್ಲ ವೈರಲ್ ಆಗಿತ್ತು."

ಮೇಷ್ಟ್ರು ನೆಟ್ಟಗೆ ಕೂತರು. "ನೋಡಿ, ಇಂಡೋನೇಷ್ಯಾದಲ್ಲಿ ನಮ್ಮ ಸಂಸ್ಕೃತಿ ಇನ್ನೂ ಹೇಗೆ ಉಳಿದಿದೆ! ಹಾರನ್ನಿಗೂ ಓಂಕಾರ."

"ಓಂ ಅಂದರೆ ಅವರ ಭಾಷೇಲಿ ಅಂಕಲ್ ಅಂತ ತಾತ. 'ಅಂಕಲ್, ಹಾರನ್ ಹೊಡೀರಿ ಅಂಕಲ್' ಅಷ್ಟೇ."

ಮೇಷ್ಟ್ರು ಮತ್ತೆ ಒರಗಿದರು. ಆದರೆ ಸೋತವರ ಹಾಗೆ ಕೂರುವುದು ಅವರಿಗೆ ಆಗದು. "ನಾಣಿ, ನಿನ್ನ ವಾದದಲ್ಲೇ ತಪ್ಪಿದೆ. ಆಟ ಅಂದರೆ ಕೆಲಸದ ನಕಲೇ ಕಣಯ್ಯಾ. ನಾವು ಹುಡುಗರಾಗಿದ್ದಾಗ ಏನಾಡ್ತಿದ್ವಿ? ಹುಡುಗೀರು ತೆಂಗಿನ ಕರಟದಲ್ಲಿ ಮಣ್ಣಿನ ಅಡುಗೆ ಮಾಡ್ತಿದ್ರು. ನಾವು ಬಾವಿ ಹಗ್ಗದ ಎರಡು ತುದಿ ಗಂಟು ಹಾಕಿ ಒಳಗೆ ನಿಂತರೆ ಬಸ್ಸು. ಮುಂದೆ ಇರೋನು ಡ್ರೈವರ್, ಹಿಂದೆ ಇರೋನು ಕಂಡಕ್ಟರ್, ಮಧ್ಯೆ ಇರೋರು ಟಿಕೆಟ್."

"ಆದರೆ ಆ ಬಸ್ಸು ಓಡ್ತಿತ್ತಲ್ಲ ಮೇಷ್ಟ್ರೇ," ಅಂದ ನಾಣಿ. "ಸಂಜೆ ಮನೆಗೆ ಬಂದಾಗ ಡ್ರೈವರಿಂದ ಹಿಡಿದು ಟಿಕೆಟಿನ ತನಕ ಎಲ್ಲರ ಮಂಡಿ ತರಚಿರ್ತಿತ್ತು. ಇವನು ಬರ್ಲಿನ್ ತನಕ ಹೋಗಿ ಬಂದರೂ ಪಂಚೆ ಸುಕ್ಕಾಗಿರಲ್ಲ. ಅಮೆರಿಕದಲ್ಲಿ ಇಬ್ಬರು ಜಾದೂಗಾರರು ಇದನ್ನ ಮೊದಲೇ ಆಡಿಕೊಂಡು ನಕ್ಕಿದಾರೆ, ಗೊತ್ತಾ? ಪೆನ್ ಮತ್ತು ಟೆಲ್ಲರ್ ಅಂತ. 1995ರಲ್ಲಿ ಒಂದು ಬಸ್ಸಿನ ಗೇಮ್ ಮಾಡಿಸಿದರು. ಟೂಸಾನ್ ಅನ್ನೋ ಊರಿಂದ ಲಾಸ್ ವೇಗಸ್‌ಗೆ ಹೋಗಬೇಕು. ಮರಳುಗಾಡು. ನೆಟ್ಟಗೆ ರಸ್ತೆ. ಎದುರಿಗೆ ಒಂದು ಗಾಡಿ ಬರಲ್ಲ, ಬಸ್ಸಿನಲ್ಲಿ ಒಬ್ಬ ಪ್ಯಾಸೆಂಜರ್ ಇಲ್ಲ. ಗಂಟೆಗೆ 72 ಕಿಲೋಮೀಟರ್ ಮೇಲೆ ಓಡಲ್ಲ. ನಿಜವಾದ ಎಂಟು ಗಂಟೆ ಬೇಕು. ಮಧ್ಯೆ ನಿಲ್ಲಿಸಿ ಬಾತ್‌ರೂಮಿಗೆ ಹೋಗೋ ಹಾಗಿಲ್ಲ. ಕೈ ಬಿಟ್ಟರೆ ಬಸ್ಸು ಬಲಗಡೆಗೆ ಎಳೀತಾ ಹೋಗಿ ಮರಳಿಗೆ ಇಳಿಯುತ್ತೆ. ಇಳಿದರೆ ಕ್ರೇನ್ ಬಂದು ಹೊರಟ ಜಾಗಕ್ಕೇ ಎಳಕೊಂಡು ಹೋಗುತ್ತೆ, ಅದೂ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಂಡು. ಎಂಟು ಗಂಟೆ ಸರಿಯಾಗಿ ಓಡಿಸಿ ತಲುಪಿದರೆ ಎಷ್ಟು ಪಾಯಿಂಟ್ ಗೊತ್ತಾ?"

"ಎಷ್ಟು?"

"ಒಂದು."

ಎಲ್ಲರೂ ನಕ್ಕೆವು. ಗೇಮ್ ಆಗ ಅಂಗಡಿಗೇ ಬರಲಿಲ್ಲವಂತೆ. ಆಮೇಲೆ ಹೇಗೋ ಹೊರಬಂದು, 2007ರಿಂದ ಅದನ್ನೇ ದಿನಗಟ್ಟಲೆ ಆಡಿ ಮಕ್ಕಳ ಆಸ್ಪತ್ರೆಗಳಿಗೆ ಅಂತ ದುಡ್ಡು ಎತ್ತುವವರೂ ಇದ್ದಾರಂತೆ. ನಾಣಿ ಅದನ್ನು ಬೇಗ ಹೇಳಿ ಮುಗಿಸಿದ. ಒಳ್ಳೆಯ ಕೆಲಸ ಅವನ ವಾದಕ್ಕೆ ಅಡ್ಡಿ.

ರಂಗಣ್ಣನವರು ಮಾತ್ರ ನಗಲಿಲ್ಲ. ಒಂದು ಹುರುಳಿಕಾಯಿ ಮುರಿದು ಪಾತ್ರೆಗೆ ಹಾಕಿದರು. "ನನಗೂ ಹಾಗೇ ಇತ್ತಲ್ಲ."

"ಏನು ಮಾವ?"

"ಐದು ವರ್ಷ ಒಂದೂ ಆಕ್ಸಿಡೆಂಟ್ ಮಾಡದೆ ಓಡಿಸಿದರೆ ಒಂದು ಬೆಳ್ಳಿ ಪದಕ. ಅವರು ಎಂಟೇ ಗಂಟೆಗೆ ಕೊಡ್ತಾರಲ್ಲ, ಪರವಾಗಿಲ್ಲ."

ರಂಗಣ್ಣನವರು 31 ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಹೆಚ್ಚಿನ ವರ್ಷ ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ, ಚಾರ್ಮಾಡಿ ಘಾಟಿ ಇಳಿದು. ನಮಗೆಲ್ಲ ಗೊತ್ತಿದ್ದ ವಿಷಯವೇ. ಆದರೆ ಬೆಳಗಿನಿಂದ ಅವರ ಎದುರಿಗೇ ಡ್ರೈವಿಂಗ್ ಬಗ್ಗೆ ಇಷ್ಟು ಮಾತಾಡಿದರೂ ಅವರನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

"ಆಷಾಢದಲ್ಲಿ ಆ ಘಾಟಿಯಲ್ಲಿ ಮಂಜು ಹೇಗೆ ಬರುತ್ತೆ ಗೊತ್ತಾ," ಅಂದರು. "ಕೊಟ್ಟಿಗೆಹಾರದಲ್ಲಿ ಒಂದು ಪ್ಲೇಟ್ ನೀರುದೋಸೆ ತಿಂದು ಬಸ್ಸು ಹತ್ತಿದರೆ ಮುಂದೆ ಏನೂ ಇಲ್ಲ. ಬಿಳೀ ಪಂಚೆ ಕಟ್ಟಿದ ಹಾಗೆ. ಲೈಟ್ ಹಾಕಿದರೆ ಇನ್ನೂ ಬಿಳಿ. ಆಗ ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ನಿಂತು ರಸ್ತೆ ಅಂಚು ನೋಡ್ತಾ 'ರೈಟ್... ರೈಟ್...' ಅಂತ ಹೇಳ್ತಿದ್ದ. ಅವನ ದನಿ ಹಿಡಿದುಕೊಂಡೇ ನಾನು ಇಳೀತಿದ್ದೆ. ದನಿ ನಿಂತರೆ ಬ್ರೇಕ್."

ಸುಬ್ಬು ಎದ್ದ. "ಮಾವ, ಬನ್ನಿ. ಒಂದು ಸಲ ಕೂತ್ಕೊಳ್ಳಿ."

"ಛೆ, ನನಗ್ಯಾಕೋ ಅದು."

ಆದರೆ ಅಷ್ಟರಲ್ಲಿ ಹುರುಳಿಕಾಯಿ ಪಾತ್ರೆ ಪಕ್ಕಕ್ಕೆ ಸರಿದಿತ್ತು. ಟವೆಲಿನಲ್ಲಿ ಕೈ ಒರೆಸಿಕೊಂಡು ಬಂದು ಕೂತರು. ಕುರ್ಚಿಯನ್ನು ಮುಂದಕ್ಕೆ ಎಳೆದು, ಹಿಂದಕ್ಕೆ ತಳ್ಳಿ, ಮತ್ತೆ ಬೆರಳಷ್ಟು ಮುಂದಕ್ಕೆ ಎಳೆದರು. ಸ್ಟಿಯರಿಂಗನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಲಾರಿ ಗೇಮಿಗೆ ಯಾರೋ ಬಸ್ಸನ್ನೂ ಮಾಡಿ ಸೇರಿಸಿದ್ದರು. ಸುಬ್ಬು ಅದನ್ನು ಹಾಕಿ, ಸ್ವಿಟ್ಜರ್ಲೆಂಡಿನ ಬೆಟ್ಟದ ರಸ್ತೆಗೆ ತಂದು ನಿಲ್ಲಿಸಿಕೊಟ್ಟ.

ಹೊರಟರು. ಹೊರಟು ಅರ್ಧ ನಿಮಿಷಕ್ಕೆ ಎದುರಿನಿಂದ ಲಾರಿ ಬೊಬ್ಬೆ ಹೊಡೆಯಿತು. ಪರದೆಯ ಮೇಲೆ ದಂಡ ಬಿತ್ತು.

"ತಾತ, ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು!"

"31 ವರ್ಷದಲ್ಲಿ ನನಗೆ ಒಂದು ದಂಡ ಇಲ್ಲ," ರಂಗಣ್ಣನವರಿಗೆ ನಿಜವಾಗಿ ಬೇಜಾರಾಯಿತು. "ಮೊದಲೇ ಹೇಳಬಾರದಾ?"

ಆಮೇಲೆ ಸರಿಯಾಯಿತು. ಮೂವತ್ತರ ಸ್ಪೀಡು. ತಿರುವಿಗೆ ಮೊದಲೇ ಗೇರ್ ಇಳಿಸುತ್ತಿದ್ದರು, ಹಾರನ್ ಹೊಡೆಯುತ್ತಿದ್ದರು, ಹಿಂದೆ ಬಂದ ಕಾರಿಗೆ ಹೋಗು ಅಂತ ಬಲಗೈ ಬೀಸುತ್ತಿದ್ದರು. ಕೈ ಹಾಲಿನೊಳಗೇ ಬೀಸುತ್ತಿತ್ತು. ಸ್ವಿಟ್ಜರ್ಲೆಂಡಿನ ಆ ಕಾರು ಹೋಗಲಿಲ್ಲ. "ಡೀಸೆಲ್ ವಾಸನೆ ಇಲ್ಲ," ಅಂದರು ಒಮ್ಮೆ. ನಾವು ಯಾರೂ ಮಾತಾಡುತ್ತಿರಲಿಲ್ಲ. ಸುಬ್ಬು, ನಾಣಿ, ಮೇಷ್ಟ್ರು, ನಾನು, ನಾಲ್ಕು ಜನವೂ ಕುರ್ಚಿ ಎಳೆದುಕೊಂಡು ಅವರ ಹಿಂದೆ ಎರಡು ಸಾಲಾಗಿ ಕೂತಿದ್ದೆವು. ಸೀಟಿಗೆ ಕೂತ ಹಾಗೇ.

ಒಂದು ಏರು ತಿರುವಿನಲ್ಲಿ ರಂಗಣ್ಣನವರು ಬಸ್ಸು ನಿಲ್ಲಿಸಿದರು.

"ಇಲ್ಲಿ ಸ್ಟಾಪ್ ಇಲ್ಲ ತಾತ," ಅಂದ ಕಿಟ್ಟು.

"ಇಲ್ಲ ಅಂತ ಗೊತ್ತು ಮರಿ. ಇಂಥದೇ ತಿರುವಿನಲ್ಲಿ ಒಬ್ಬಳು ಅಜ್ಜಿ ಹತ್ತುತಿದ್ದಳು, ಬಾಳೆಲೆ ಕಟ್ಟು ಹೊತ್ತುಕೊಂಡು. ನಿಲ್ಲಿಸೋ ಹಾಗಿಲ್ಲ. ಆದರೆ ಸ್ಟಾಪಿನ ತನಕ ನಡೆಯೋಕೆ ಅವಳಿಗೆ ಆಗ್ತಿರಲಿಲ್ಲ."

ಪರದೆಯಲ್ಲಿ ಹಿಮ ಮುಸುಕಿದ ಬೆಟ್ಟ, ಖಾಲಿ ರಸ್ತೆ. ಹಿಂದಿನ ಕಾರು ಹಾರನ್ ಹೊಡೆಯಿತು. ನಾಣಿ ಏನೋ ಹೇಳಲು ಬಾಯಿ ತೆರೆದ. ಸ್ವಿಟ್ಜರ್ಲೆಂಡಿಗೂ ಬಾಳೆಲೆಗೂ ಸೇರಿಸಿ ಒಂದು ಒಳ್ಳೆಯ ಮಾತು ಅವನಿಗೆ ಖಂಡಿತ ಸಿಕ್ಕಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಹತ್ತಿದಳಾ?" ಅಂತ ಕೇಳಿದ.

"ಇನ್ನೂ ಇಲ್ಲ. ಮೊದಲು ಕಟ್ಟು ಒಳಗಿಡಬೇಕಲ್ಲ."

ಅಷ್ಟರಲ್ಲಿ ಪದ್ದಕ್ಕ ಹಾಲಿಗೆ ಬಂದರು. ಕಾಫಿ ಚೆಲ್ಲಿದ್ದನ್ನು ನೋಡಿದರು. ನಮ್ಮನ್ನೆಲ್ಲ ಒಂದು ಸಲ ನೋಡಿದರು. ಏನೂ ಅನ್ನದೆ ಒಳಗೆ ಹೋಗಿ ಬಕೆಟ್ಟು, ಬಟ್ಟೆ ತಂದರು.

"ಎಲ್ಲ ಸ್ವಲ್ಪ ಕಾಲೆತ್ತಿ."

ಸುಬ್ಬು ಎತ್ತಿದ. ಮೇಷ್ಟ್ರು ಎತ್ತಿದರು. ನಾನೂ ಎತ್ತಿದೆ. ಕಾಫಿ ಚೆಲ್ಲಿದ ನಾಣಿಯೂ ಎರಡು ಕಾಲನ್ನೂ ಮೇಲೆತ್ತಿ ಕೈಯಲ್ಲಿ ಹಿಡಿದುಕೊಂಡ.

ರಂಗಣ್ಣನವರು ಮಾತ್ರ ಎತ್ತಲಿಲ್ಲ.

"ಅಪ್ಪಾ, ನೀವೂ."

"ತಾಳು ಮಗಾ," ಅಂದರು. "ಏರು ರಸ್ತೆ. ಕಾಲು ಬ್ರೇಕ್ ಮೇಲಿದೆ."